ಲೋಹಶೋಧಕ ಹೊರುವ ಹಾರ್ನೆಸ್

ತೂಕದ ಲೋಹಶೋಧಕವನ್ನು ತೋಳಿಗೆ ಹೊರೆಯಾಗದಂತೆ ಮೈಗೆ ತೂಗುಹಾಕಿಕೊಳ್ಳಲು ಬಳಸುವ ಪಟ್ಟಿ, ಕೋಲು, ರಬ್ಬರು ಹಗ್ಗಗಳ ಕಟ್ಟನ್ನು ಹಾರ್ನೆಸ್ ಎನ್ನುತ್ತಾರೆ. ಸೊಂಟಕ್ಕೊಂದು ದಪ್ಪ ಪಟ್ಟಿ, ಹೆಗಲಿಗೆ ಎರಡು ಪಟ್ಟಿ, ಹೆಗಲ ಬಳಿಯಿಂದ ಇಳಿಬಿದ್ದು ಯಂತ್ರದ ದಂಡವನ್ನು ಎತ್ತಿ ಹಿಡಿಯುವ ಬಂಜಿ ಎಂಬ ಹಿಗ್ಗುವ ಹಗ್ಗ: ಇದರ ಮೂಲರೂಪ ಇಷ್ಟೇ. ಮಲೆನಾಡಿನ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರವನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು ಅತ್ತಿತ್ತ ಬೀಸುವವರನ್ನು ಕಂಡವರಿಗೆ ಇದರ ಚಿತ್ರ ಸುಲಭವಾಗಿ ಕಣ್ಣಿಗೆ ಬರುತ್ತದೆ. ಒಂದು ವ್ಯತ್ಯಾಸವಿದೆ. ಕಳೆ ಯಂತ್ರದ ಎಂಜಿನ್ ಹಿಂಬದಿಗಿದ್ದು ಮುಂಬದಿಯ ಅಲಗನ್ನು ತೂಗಿಸುತ್ತದೆ. ಲೋಹಶೋಧಕದ ಭಾರವಾದ ಕಾಯಿಲ್, ಅಂದರೆ ಲೋಹವನ್ನು ಪತ್ತೆಹಚ್ಚುವ ತಂತಿಸುರುಳಿಯ ತಟ್ಟೆ, ದಂಡದ ತುದಿಯಲ್ಲೇ ಇರುತ್ತದೆ, ಅದನ್ನು ನೆಲಕ್ಕೆ ತಾಗಿಯೂ ತಾಗದಂತೆ ದಿನವಿಡೀ ತೇಲಿಸಿಕೊಂಡು ಹೋಗಬೇಕು.

ಇಂಥ ಹಾರ್ನೆಸ್‌ಗಳು ಹೆಚ್ಚು ಬಳಕೆಯಲ್ಲಿರುವುದು ಆಸ್ಟ್ರೇಲಿಯದ ಚಿನ್ನದ ಸೀಮೆಗಳಲ್ಲಿ. ವಿಕ್ಟೋರಿಯ ರಾಜ್ಯದ ಬೆಂಡಿಗೋ, ಬ್ಯಾಲರಾಟ್, ಡನೊಲಿ ಸುತ್ತಲಿನ ಕುರುಚಲು ಕಾಡುಗಳಲ್ಲಿ, ಪಶ್ಚಿಮ ಆಸ್ಟ್ರೇಲಿಯದ ಕಾಲ್ಗೂರ್ಲಿ ಕಡೆಯ ಕೆಮ್ಮಣ್ಣಿನ ಬಯಲುಗಳಲ್ಲಿ ಚಿನ್ನದ ಗಟ್ಟಿಗಳು ಮೇಲ್ಮಣ್ಣಿನಲ್ಲೇ ಸಿಗುತ್ತವೆ. ವಿಕ್ಟೋರಿಯದ ಕಿಂಗೋವರ್ ಬಳಿ 1980ರಲ್ಲಿ ಸಿಕ್ಕ ‘ಹ್ಯಾಂಡ್ ಆಫ್ ಫೇತ್’ ಗಟ್ಟಿಯ ತೂಕ ಸುಮಾರು 27 ಕಿಲೋಗ್ರಾಂ. ಲೋಹಶೋಧಕದಿಂದ ಪತ್ತೆಯಾದ ಚಿನ್ನದ ಗಟ್ಟಿಗಳಲ್ಲಿ ಅದೇ ಅತ್ಯಂತ ಹೆಸರಾದದ್ದು. ಕರ್ನಾಟಕದ ಚಿನ್ನದ ಕಥೆ ಬೇರೆ ಬಗೆಯದು. ಕೋಲಾರದಲ್ಲಿ ಅದು ಬೆಣಚುಕಲ್ಲಿನ ಪದರಗಳಲ್ಲಿ ಸಣ್ಣ ಕಣಗಳಾಗಿ ಹುದುಗಿತ್ತು. 2001ರಲ್ಲಿ ಮುಚ್ಚುವ ಹೊತ್ತಿಗೆ ಅಲ್ಲಿನ ಗಣಿಗಳು ನೆಲದಾಳಕ್ಕೆ ಮೂರು ಕಿಲೋಮೀಟರಿಗೂ ಹೆಚ್ಚು ಇಳಿದಿದ್ದವು. ಅಂಥ ಚಿನ್ನಕ್ಕೆ ಕೈಯಲ್ಲಿ ಹಿಡಿಯುವ ಶೋಧಕ ನಿರುಪಯೋಗಿ. ಹಾರ್ನೆಸ್ ಕಟ್ಟುವ ಕಲೆ ಬೆಳೆದದ್ದು ಗಟ್ಟಿ ಚಿನ್ನ ಮಣ್ಣಿನ ಮೇಲ್ಪದರದಲ್ಲಿ ಚದುರಿರುವ ನಾಡುಗಳಲ್ಲಿ, ಅದಕ್ಕೂ ಮೊದಲು ಯುದ್ಧಭೂಮಿಯಲ್ಲಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ಸ್ಕಾಟ್ಲೆಂಡಿನಲ್ಲಿದ್ದಾಗ ನೆಲಬಾಂಬು ಹುಡುಕುವ ಉಪಕರಣವೊಂದನ್ನು ರೂಪಿಸಿದ. 1942ರ ಎಲ್ ಅಲಮೀನ್ ಕಾಳಗಕ್ಕೆ ಮುನ್ನ ಬ್ರಿಟಿಷ್ ಸೇನೆಯ ಕೈಗೆ ಇಂಥ 500 ಉಪಕರಣಗಳು ಬಂದಿದ್ದವು. ಒಂದೊಂದರ ತೂಕವೂ 14 ಕಿಲೋಗ್ರಾಮಿಗೆ ಸ್ವಲ್ಪ ಕಡಿಮೆ. ಅಷ್ಟು ತೂಕವನ್ನು ಕೈಯಲ್ಲೇ ಹಿಡಿದು ಬಾಂಬಿನ ಹೊಲ ದಾಟುವುದು ಯಾವ ಸೈನಿಕನಿಗೂ ಸಾಧ್ಯವಿಲ್ಲ. ಬ್ಯಾಟರಿ ಮತ್ತು ವಿದ್ಯುತ್ ಮಂಡಲಗಳನ್ನು ಚೀಲಕ್ಕೆ ಹಾಕಿ ಮೈಗೆ ಕಟ್ಟಿ, ಕೈಗೆ ಶೋಧಕದ ದಂಡವನ್ನಷ್ಟೇ ಬಿಡುವ ಪದ್ಧತಿ ಆಗಲೇ ನೆಲೆಗೊಂಡಿತು. ಮುಂದೆ ಚಿನ್ನ ಹುಡುಕುವವರು ಹಿಡಿದದ್ದೂ ಇದೇ ಹಾದಿ.

ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ 1985ರಲ್ಲಿ ಆರಂಭವಾದ ಮೈನ್‌ಲ್ಯಾಬ್ ಕಂಪನಿಯು ವಿಜ್ಞಾನಿ ಬ್ರೂಸ್ ಕ್ಯಾಂಡಿಯ ವಿನ್ಯಾಸದ ಎಸ್‌ಡಿ 2000 ಯಂತ್ರವನ್ನು 1990ರ ದಶಕದ ನಡುವೆ ಹೊರತಂದಿತು. ಕಬ್ಬಿಣದ ಅಂಶ ತುಂಬಿದ ಕೆಮ್ಮಣ್ಣಿನಲ್ಲಿ ಸಾಮಾನ್ಯ ಶೋಧಕಗಳು ಸುಮ್ಮನೆ ಕೂಗಾಡುತ್ತವೆ. ಮಿಡಿತದ ವಿದ್ಯುತ್ತಿನಿಂದ ಕೆಲಸ ಮಾಡುವ ಈ ಯಂತ್ರ ಅಲ್ಲಿಯೂ ಆಳದ ಚಿನ್ನವನ್ನು ಕಂಡಿತು. ಅದಕ್ಕೆ ತೆತ್ತ ಬೆಲೆ ತೂಕ. ಆಳಕ್ಕೆ ಇಳಿಯಬೇಕಾದರೆ ಅಗಲವಾದ ಕಾಯಿಲ್ ಬೇಕು, ಅದರೊಳಗೆ ತಾಮ್ರದ ಸುತ್ತುಗಳು ಬೇಕು, ಮಿಡಿತಕ್ಕೆ ಜೋರಾದ ಬ್ಯಾಟರಿ ಬೇಕು. ಆರಂಭದ ಯಂತ್ರಗಳು 6 ವೋಲ್ಟಿನ ಸೀಸದ ಬ್ಯಾಟರಿಯನ್ನು ಬೆನ್ನಚೀಲದಲ್ಲಿ ಹೊರಿಸುತ್ತಿದ್ದವು. ಲಿಥಿಯಂ ಬ್ಯಾಟರಿ ಬಂದಮೇಲೆ ಬೆನ್ನಿನ ಹೊರೆ ಇಳಿಯಿತಾದರೂ ದಂಡದ ತುದಿಯ ಹೊರೆ ಇಳಿಯಲಿಲ್ಲ. ಅದೇ ಕಂಪನಿಯ ಜಿಪಿಎಕ್ಸ್ 5000 ಯಂತ್ರ ಬ್ಯಾಟರಿ ಬಿಟ್ಟು ಸುಮಾರು 2.4 ಕಿಲೋ ತೂಗುತ್ತದೆ. 2015ರಲ್ಲಿ ಬಂದ ಜಿಪಿಜಡ್ 7000 ಯಂತ್ರದಲ್ಲಿ ಬ್ಯಾಟರಿಯೂ ದಂಡದ ಮೇಲೆಯೇ ಇದ್ದು, ಒಟ್ಟು ತೂಕ 3.3 ಕಿಲೋ ದಾಟುತ್ತದೆ. ಅದರೊಂದಿಗೆ ಪ್ರೋ-ಸ್ವಿಂಗ್ 45 ಎಂಬ ಹಾರ್ನೆಸ್ಸನ್ನೂ ಕಂಪನಿಯೇ ಕೊಟ್ಟಿತು.

ಮೂರು ಕಿಲೋ ಎಂದರೆ ಏನು ಮಹಾ, ಅಂಗಡಿಯಿಂದ ಅಕ್ಕಿ ತಂದಷ್ಟೇ ತಾನೆ ಎನಿಸಬಹುದು. ತೊಂದರೆ ಇರುವುದು ತೂಕದ ಅಳತೆಯಲ್ಲಲ್ಲ, ಅದು ಮೈಯಿಂದ ಎಷ್ಟು ದೂರದಲ್ಲಿದೆ ಎಂಬುದರಲ್ಲಿ. ಲೋಹಶೋಧಕ ಒಂದು ಸನ್ನೆಗೋಲು. ನಡುವೆ ಹಿಡಿ, ಮುಂದೆ ಕಾಯಿಲ್, ಹಿಂದೆ ಮೊಣಕೈಗೆ ಒತ್ತಿಕೊಳ್ಳುವ ಆಸರೆ. ಲೆಕ್ಕಕ್ಕಾಗಿ 2.4 ಕಿಲೋ ಯಂತ್ರವೊಂದರಲ್ಲಿ 800 ಗ್ರಾಂ ಕಾಯಿಲ್ ಹಿಡಿಯಿಂದ ಒಂದು ಮೀಟರ್ ಮುಂದಿದೆ, ಉಳಿದ 1.6 ಕಿಲೋ ಹಿಡಿಯ ಆಸುಪಾಸಿನಲ್ಲೇ ಇದೆ, ಮೊಣಕೈ ಆಸರೆ 30 ಸೆಂಟಿಮೀಟರ್ ಹಿಂದಿದೆ ಎಂದುಕೊಳ್ಳಬಹುದು. ಕಾಯಿಲ್ ಮುಗ್ಗರಿಸದಂತೆ ತಡೆಯಲು ಮೊಣಕೈ ಸುಮಾರು 2.7 ಕಿಲೋ ತೂಕದಷ್ಟು ಬಲದಿಂದ ಆಸರೆಯನ್ನು ಕೆಳಕ್ಕೆ ಅದುಮಬೇಕು. ಆ ಅದುಮುವಿಕೆಯೂ ಯಂತ್ರದ ತೂಕವೂ ಸೇರಿ ಬೀಳುವುದು ಅಂಗೈಯ ಮೇಲೆ. ಹಾಗಾಗಿ 2.4 ಕಿಲೋ ಯಂತ್ರವನ್ನು ಹಿಡಿದ ಕೈ ನಿಜವಾಗಿ ಎತ್ತುತ್ತಿರುವುದು ಐದು ಕಿಲೋಗೂ ಮಿಕ್ಕಿದ ಹೊರೆಯನ್ನು. ಒಂದು ಬೀಸಿಗೆ ನಾಲ್ಕು ಸೆಕೆಂಡಾದರೂ ಗಂಟೆಗೆ 900 ಬೀಸು. ಐದು ಗಂಟೆ ಹುಡುಕಿದರೆ 4,500 ಬೀಸು. ಮಣಿಕಟ್ಟು ಜೋಮು ಹಿಡಿಯುವುದು, ಮೊಣಕೈಯ ಹೊರಬದಿಯ ಸ್ನಾಯುರಜ್ಜು ಉರಿಯುವುದು, ಹೆಗಲ ಕೀಲು ನೋಯುವುದು ಇದರಿಂದಲೇ.

ಇಲ್ಲಿ ಹೊಸಬರು ಹಿಡಿಯುವ ಮೊದಲ ಉಪಾಯ ಹಿಂಬದಿಗೆ ತೂಕ ಕಟ್ಟುವುದು. ತಕ್ಕಡಿಯ ಬುದ್ಧಿಗೆ ಅದು ಸರಿಯೆಂದೇ ತೋರುತ್ತದೆ, ಆದರೆ ಲೆಕ್ಕ ಅದನ್ನು ಒಪ್ಪುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಹಿಡಿಯಿಂದ 40 ಸೆಂಟಿಮೀಟರ್ ಹಿಂದೆ 300 ಗ್ರಾಂ ಕಟ್ಟಿದರೆ ಮೊಣಕೈಯ ಅದುಮುವಿಕೆ 400 ಗ್ರಾಮಿನಷ್ಟು ಇಳಿಯುತ್ತದೆ. ಕೈಗೆ 300 ಗ್ರಾಂ ಹೊಸ ತೂಕ ಸೇರುವುದರಿಂದ ಉಳಿತಾಯ ಬರೀ 100 ಗ್ರಾಂ. ಮೇಲಾಗಿ ಪ್ರತಿ ಬೀಸಿನಲ್ಲೂ ಆ ಹೆಚ್ಚುವರಿ ತೂಕವನ್ನು ತಿರುಗಿಸಿ, ನಿಲ್ಲಿಸಿ, ಮರಳಿ ತಿರುಗಿಸಬೇಕು. ಹಗುರ ಯಂತ್ರಗಳಿಗೆ ಇದು ಸಣ್ಣ ಸಮಾಧಾನ ಕೊಡಬಹುದು, ಭಾರದ ಯಂತ್ರಕ್ಕೆ ಪರಿಹಾರವಲ್ಲ. ಅದೇ ಯಂತ್ರವನ್ನು ಅದರ ಗುರುತ್ವ ಕೇಂದ್ರದಲ್ಲಿ, ಅಂದರೆ ಹಿಡಿಯಿಂದ ಸುಮಾರು 33 ಸೆಂಟಿಮೀಟರ್ ಮುಂದೆ, ಮೇಲಿನಿಂದ 2.2 ಕಿಲೋ ಬಲದಿಂದ ಎತ್ತಿಹಿಡಿದರೆ ಮೊಣಕೈಯ ಕೆಲಸ ಬಹುಮಟ್ಟಿಗೆ ಮುಗಿಯಿತು, ಕೈಗೆ ಉಳಿಯುವ ಹೊರೆ ಕೆಲವು ನೂರು ಗ್ರಾಂ ಮಾತ್ರ. ಹಾರ್ನೆಸ್ಸಿನ ಇಡೀ ತತ್ವ ಈ ಒಂದು ಲೆಕ್ಕದಲ್ಲಿದೆ. ಹೊರುವ ಕೆಲಸ ಮೈಯದು, ದಾರಿ ತೋರುವ ಕೆಲಸ ಕೈಯದು.

ಮೈಯಲ್ಲಿ ಹೊರಲು ತಕ್ಕ ಜಾಗ ಸೊಂಟ. ಹೆಗಲಪಟ್ಟಿಯ ಮೇಲೆಯೇ ಎಲ್ಲ ಭಾರ ಬಿಟ್ಟರೆ ಕುತ್ತಿಗೆಯ ಸ್ನಾಯು ಬಿಗಿಯುತ್ತದೆ, ಹೆಗಲಿನಿಂದ ತೋಳಿಗೆ ಇಳಿಯುವ ನರಗಳು ಅದುಮಿಹೋಗಿ ಬೆರಳು ಜುಮ್ಮೆನ್ನುತ್ತದೆ. ಸೊಂಟದ ಮೂಳೆಯ ಏಣಿನ ಮೇಲೆ ಕೂತ ಪಟ್ಟಿ ಭಾರವನ್ನು ನೇರ ಕಾಲಿಗೆ ಇಳಿಸುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕಿಟ್ಟು ಬಾವಿಯಿಂದ ಮನೆಗೆ ನಡೆದ ಹೆಂಗಸರಿಗೆ ಈ ಸಂಗತಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆನ್ನಚೀಲಗಳ ಜಗತ್ತಿನಲ್ಲಿ ಇದು ವ್ಯಾಪಕವಾದದ್ದು ಅಮೆರಿಕದ ಡಿಕ್ ಕೆಲ್ಟಿ 1950ರ ದಶಕದ ಆರಂಭದಲ್ಲಿ ಅಲ್ಯುಮಿನಿಯಂ ಚೌಕಟ್ಟಿಗೆ ಸೊಂಟಪಟ್ಟಿ ಸೇರಿಸಿ ಚೀಲ ಮಾರತೊಡಗಿದ ಮೇಲೆ. ಇಂದಿನ ಶೋಧಕ ಹಾರ್ನೆಸ್ಸುಗಳು ಆ ಚೀಲಗಳ ನೇರ ವಂಶಸ್ಥರು. ಸೊಂಟಪಟ್ಟಿ ನಾಲ್ಕು ಬೆರಳಿಗಿಂತ ಅಗಲವಿದ್ದು, ಒಳಗೆ ಗಟ್ಟಿ ಸ್ಪಂಜು ಇರಬೇಕು. ಮೆತ್ತನೆಯ ಸ್ಪಂಜು ಅಂಗಡಿಯಲ್ಲಿ ಹಿತವೆನಿಸಿ, ಒಂದು ಗಂಟೆಯಲ್ಲಿ ಚಪ್ಪಟೆಯಾಗುತ್ತದೆ. ಹೆಗಲಪಟ್ಟಿಗಳ ಕೆಲಸ ಪಟ್ಟಿಗಳು ಸೇರುವ ಬೆನ್ನಿನ ಹಲಗೆ ಹಿಂದಕ್ಕೆ ವಾಲದಂತೆ ತಡೆಯುವುದು. ಎದೆಯ ಅಡ್ಡಪಟ್ಟಿ ಹೆಗಲಪಟ್ಟಿಗಳು ಅಗಲಕ್ಕೆ ಜಾರದಂತೆ ಹಿಡಿಯುತ್ತದೆ. ಭಾರ ಒಂದೇ ಪಕ್ಕಕ್ಕೆ ಜಗ್ಗುವ ಶೋಧಕದಲ್ಲಿ ಈ ಅಡ್ಡಪಟ್ಟಿ ತಪ್ಪಿಸುವಂಥದ್ದಲ್ಲ.

ಹಾರ್ನೆಸ್ಸಿನ ಜೀವ ಇರುವುದು ಬಂಜಿಯಲ್ಲಿ. ಇದನ್ನು ಆರಿಸುವಾಗ ಹೆಚ್ಚಿನವರು ಎಡವುವುದು ಗಿಡ್ಡವೂ ದಪ್ಪವೂ ಆದ ಹಗ್ಗ ಹಿಡಿದು. ರಬ್ಬರು ಹಿಗ್ಗಿದಷ್ಟೂ ಜಗ್ಗುತ್ತದೆ. ಎರಡು ಕಿಲೋ ಹೊರುವಾಗ 20 ಸೆಂಟಿಮೀಟರ್ ಮಾತ್ರ ಹಿಗ್ಗುವ ಹಗ್ಗವಾದರೆ, ಕಾಯಿಲನ್ನು ಗುಂಡಿಗೆ ಇಳಿಸಲೋ ದಿಣ್ಣೆಗೆ ಏರಿಸಲೋ ಹೋದಾಗ ದಂಡ 10 ಸೆಂಟಿಮೀಟರ್ ಸರಿದರೆ ಸಾಕು, ಜಗ್ಗುವ ಬಲ ಒಂದು ಕಿಲೋನಷ್ಟು ಏರಿಳಿಯುತ್ತದೆ. ಕೈಗೆ ಅದರೊಡನೆ ಹೋರಾಟ. ಅದೇ ಎರಡು ಕಿಲೋಗೆ 60 ಸೆಂಟಿಮೀಟರ್ ಹಿಗ್ಗುವ ಉದ್ದನೆಯ, ತೆಳು ಹಗ್ಗದಲ್ಲಿ ಈ ಏರಿಳಿತ ಮುನ್ನೂರು ಗ್ರಾಂ ಚಿಲ್ಲರೆ ಅಷ್ಟೇ. ಯಂತ್ರ ಗಾಳಿಯಲ್ಲಿ ತೇಲುತ್ತಿದೆ ಎನಿಸುವುದು ಆಗಲೇ. ಹೆಗಲಿನಿಂದ ದಂಡದವರೆಗೆ ಅಷ್ಟು ಉದ್ದದ ಹಗ್ಗಕ್ಕೆ ಜಾಗವಿರುವುದಿಲ್ಲ ಎಂಬುದು ನಿಜ. ಅದಕ್ಕೊಂದು ಒಳ್ಳೆಯ ಉಪಾಯವಿದೆ. ಹಗ್ಗವನ್ನು ಹೆಗಲ ಮೇಲಿನ ನುಣುಪು ಬಳೆಯೊಂದರಲ್ಲಿ ತೂರಿಸಿ, ಬೆನ್ನಿನ ಕಡೆಗೆ ಇಳಿಸಿ, ಸೊಂಟಪಟ್ಟಿಯ ಹಿಂಭಾಗಕ್ಕೆ ಕಟ್ಟುವುದು. ಬಾವಿಯ ರಾಟೆಯ ಮೇಲೆ ಹಗ್ಗ ಹಾದುಹೋದಂತೆ ಬಂಜಿಯ ಪೂರ್ತಿ ಉದ್ದ ಕೆಲಸಕ್ಕೆ ಬರುತ್ತದೆ. ಬಳೆಯ ಮೈ ಒರಟಾಗಿದ್ದರೆ ಹಗ್ಗ ಅಲ್ಲೇ ಸಿಕ್ಕಿಕೊಂಡು ಉಪಾಯವೆಲ್ಲ ವ್ಯರ್ಥ, ಆದ್ದರಿಂದ ಸಣ್ಣ ಪ್ಲಾಸ್ಟಿಕ್ ರಾಟೆ ಇದ್ದರೆ ಉತ್ತಮ.

ಹಗ್ಗ ಇಳಿಬೀಳುವ ಬಿಂದು ಎಷ್ಟು ಎತ್ತರದಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ತೂಗುಬಿಟ್ಟ ವಸ್ತುವನ್ನು ಪಕ್ಕಕ್ಕೆ ಸರಿಸಿದಾಗ ಹಗ್ಗ ಅದನ್ನು ನಡುವಿಗೆ ಎಳೆಯುತ್ತದೆ. ಬಿಂದು 60 ಸೆಂಟಿಮೀಟರ್ ಮೇಲಿದ್ದು ದಂಡ 30 ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ, ಹೊತ್ತ ತೂಕದ ಅರ್ಧದಷ್ಟು ಬಲ ಪಕ್ಕಕ್ಕೆ ಎಳೆಯುತ್ತದೆ. ಬಿಂದು ಒಂದು ಮೀಟರ್ ಮೇಲಿದ್ದರೆ ಹತ್ತರಲ್ಲಿ ಮೂರು ಪಾಲು ಮಾತ್ರ. ಎತ್ತರದ ಕೊಂಬೆಗೆ ಕಟ್ಟಿದ ಜೋಕಾಲಿ ಬೆರಳು ಸೋಕಿದರೂ ತೂಗುವುದು, ಗಿಡ್ಡ ಜೋಕಾಲಿ ತಡೆತಡೆದು ನಿಲ್ಲುವುದು ಇದೇ ಕಾರಣಕ್ಕೆ. ಇದಕ್ಕಾಗಿ ಬೆನ್ನಿನ ಹಲಗೆಯಿಂದ ಮೇಲೆದ್ದು ಹೆಗಲ ಮೇಲೆ ಮುಂದಕ್ಕೆ ಬಾಗುವ ಕೋಲೊಂದನ್ನು ಕೆಲವು ಹಾರ್ನೆಸ್ಸುಗಳಲ್ಲಿ ಕೂರಿಸುತ್ತಾರೆ. ಇಂಗ್ಲಿಷಿನ ಜೆ ಅಕ್ಷರದಂತೆ ಬಾಗಿರುವುದರಿಂದ ಅದಕ್ಕೆ ಜೆ-ಸ್ಟ್ರಟ್ ಎಂದೇ ಹೆಸರು. ಅದರ ತುದಿಯಿಂದ ಬಂಜಿ ಇಳಿಯುತ್ತದೆ. ಇದರಿಂದ ಎರಡು ಲಾಭ: ತೂಗುವ ಬಿಂದು ಎತ್ತರವಾಗುತ್ತದೆ, ಹೆಗಲನ್ನು ಬಿಟ್ಟು ಭಾರ ನೇರ ಬೆನ್ನಹಲಗೆಯ ಮೂಲಕ ಸೊಂಟಕ್ಕೆ ಇಳಿಯುತ್ತದೆ. ಮರಗಳು ದಟ್ಟವಾದ ಕಡೆ ಮಾತ್ರ ಇದೇ ಕೋಲು ಕೊಂಬೆರೆಂಬೆಗಳಿಗೆ ಸಿಕ್ಕಿ ಪೀಡೆಯಾಗುತ್ತದೆ. ಬಯಲಿಗೆ ಜೆ-ಸ್ಟ್ರಟ್, ಕುರುಚಲಿಗೆ ಬರೀ ಹೆಗಲಬಂಜಿ ಎಂಬ ವಿಭಾಗ ವ್ಯವಹಾರದಲ್ಲಿ ಸರಿಹೋಗುತ್ತದೆ. ಸೊಂಟಪಟ್ಟಿಯ ಗೂಡಿನಲ್ಲಿ ಬುಡ ಊರಿ, ದಂಡವನ್ನು ಕೆಳಗಿನಿಂದ ಎತ್ತಿಹಿಡಿಯುವ ಊರುಗೋಲಿನ ಬಗೆಯೂ ಉಂಟು. ಅದರಲ್ಲಿ ಹೆಗಲಿಗೆ ಯಾವ ಭಾರವೂ ಇಲ್ಲ, ಆದರೆ ಏರುಪೇರಿನ ನೆಲದಲ್ಲಿ ಬಂಜಿಯಷ್ಟು ಸಲೀಸಾಗಿ ಬಳುಕುವುದಿಲ್ಲ.

ಎಡಗೈಗೂ ಕೆಲಸ ಹಂಚುವ ಒಂದು ಸೇರ್ಪಡೆ ಮಾರ್ಗದರ್ಶಿ ತೋಳು. ದಂಡದ ನಡುವಿಗೆ ಕಚ್ಚಿಸಿದ ಈ ಹಗುರ ಕೋಲನ್ನು ಬಿಡುವಿನ ಕೈಯಲ್ಲಿ ಹಿಡಿದು ದಂಡವನ್ನು ಅತ್ತಿತ್ತ ದೂಡಬಹುದು. ಜಿಪಿಜಡ್ 7000ರಂಥ ಯಂತ್ರದಲ್ಲಿ ಬಲಗೈಯ ಮಣಿಕಟ್ಟನ್ನು ಉಳಿಸುವುದು ಇದೇ.

ಹೊಂದಿಸುವ ಕ್ರಮ ತಪ್ಪಿದರೆ ಎಷ್ಟು ಬೆಲೆಯ ಹಾರ್ನೆಸ್ಸಾದರೂ ಹಿಂಸೆಯೇ. ಪಟ್ಟಿಗಳನ್ನೆಲ್ಲ ಸಡಿಲಿಸಿ ಮೊದಲು ಸೊಂಟಪಟ್ಟಿಯನ್ನು ಮೂಳೆಯ ಏಣಿನ ಮೇಲೆ ಬಿಗಿಯಬೇಕು. ಹೊಟ್ಟೆಯ ಮೇಲೆ ಬಿಗಿದರೆ ಉಸಿರು ಕಟ್ಟುತ್ತದೆ, ಪಟ್ಟಿಯೂ ಜಾರುತ್ತದೆ. ಆಮೇಲೆ ಹೆಗಲಪಟ್ಟಿಗಳನ್ನು ಅಡಿಯಲ್ಲಿ ಎರಡು ಬೆರಳು ತೂರುವಷ್ಟು ಎಳೆದು, ಎದೆಪಟ್ಟಿ ಹಾಕಬೇಕು. ಯಂತ್ರ ತೂಗುಹಾಕುವ ಮುನ್ನ ದಂಡದ ಉದ್ದ ಗೊತ್ತುಮಾಡುವುದು ಅಗತ್ಯ. ದಂಡ ಉದ್ದವಾದಷ್ಟೂ ಕಾಯಿಲ್ ದೂರ, ಸನ್ನೆಯ ಹೊರೆ ಹೆಚ್ಚು. ನೆಟ್ಟಗೆ ನಿಂತು ಬೆನ್ನು ಬಾಗಿಸದೆ ಬೀಸಲು ಬೇಕಾದಷ್ಟು ಉದ್ದವೇ ಸಾಕು. ಆನಂತರ ದಂಡವನ್ನು ಒಂದು ಬೆರಳಿನ ಮೇಲೆ ತೂಗಿನೋಡಿ ಗುರುತ್ವ ಕೇಂದ್ರ ಕಂಡುಹಿಡಿದು, ಅದಕ್ಕಿಂತ ಒಂದೆರಡು ಅಂಗುಲ ಹಿಂದೆ, ಹಿಡಿಯ ಕಡೆಗೆ, ಬಂಜಿಯ ಕೊಂಡಿ ಕೂರಿಸುತ್ತಾರೆ. ಹಾಗೆ ಮಾಡಿದರೆ ಕಾಯಿಲ್ ತುಸು ತಲೆಭಾರವಾಗಿಯೇ ಉಳಿದು ನೆಲದ ಕಡೆಗೆ ವಾಲುತ್ತದೆ. ಕೈ ಸಡಿಲ ಬಿಟ್ಟಾಗ ಕಾಯಿಲ್ ನೆಲಕ್ಕಿಂತ ಒಂದು ಅಂಗುಲ ಮೇಲೆ ತಾನಾಗಿ ನಿಂತರೆ ಹೊಂದಿಕೆ ಸರಿಯಾಗಿದೆ. ಮೇಲಕ್ಕೆ ಏಳುವಂತಿದ್ದರೆ ಬಂಜಿ ಬಿಗಿಯಾಯಿತು. ಇದು ಬರೀ ಸುಖದ ಮಾತಲ್ಲ. ಬೀಸಿನ ತುದಿಯಲ್ಲಿ ಕಾಯಿಲ್ ಎರಡು ಅಂಗುಲ ಮೇಲೆದ್ದರೆ ಆ ಜಾಗದಲ್ಲಿ ಶೋಧದ ಆಳ ಎರಡು ಅಂಗುಲ ಕಳೆದುಹೋಗುತ್ತದೆ, ಸಣ್ಣ ಚಿನ್ನ ಅಲ್ಲೇ ಉಳಿಯುತ್ತದೆ. ಕಾಯಿಲ್ ಬದಲಿಸಿದಾಗ, 11 ಅಂಗುಲದ್ದನ್ನು ತೆಗೆದು 18 ಅಂಗುಲದ್ದು ಹಾಕಿದಾಗ, ಈ ಹೊಂದಿಕೆಯನ್ನೆಲ್ಲ ಮತ್ತೆ ಮೊದಲಿನಿಂದ ಮಾಡಬೇಕು.

ಬೀಸುವ ರೀತಿಯೂ ಬದಲಾಗಬೇಕು. ತೋಳಿನಿಂದ ಬೀಸುವ ಅಭ್ಯಾಸವನ್ನು ಬಿಟ್ಟು ಸೊಂಟದಿಂದ ಮೇಲಿನ ಮೈಯನ್ನೇ ನಿಧಾನ ತಿರುಗಿಸಿದರೆ ತೂಗುವ ಬಿಂದುವೂ ಜೊತೆಗೆ ತಿರುಗುತ್ತದೆ, ಹಗ್ಗದ ಪಕ್ಕದೆಳೆತ ಇಲ್ಲವಾಗುತ್ತದೆ.

ಹಾರ್ನೆಸ್ ಮತ್ತು ಯಂತ್ರದ ಸಂಬಂಧದಲ್ಲಿ ವಿಶಿಷ್ಟವಾದ ತೊಡಕೊಂದಿದೆ: ಹೊರುವ ಸಾಧನದ ಲೋಹವನ್ನೇ ಶೋಧಕ ಕಂಡುಬಿಡುತ್ತದೆ. ದೊಡ್ಡ ಕಾಯಿಲುಗಳು ಬೀಸಿನ ಕೊನೆಯಲ್ಲಿ ಪಾದದ ಹತ್ತಿರ ಬಂದಾಗ ಉಕ್ಕಿನ ಮೂತಿಯ ಬೂಟಿಗೆ, ಸೊಂಟದಲ್ಲಿ ತೂಗುವ ಗುದ್ದಲಿಗೆ ಕೂಗುತ್ತವೆ. ಆದ್ದರಿಂದ ಬಕಲ್, ಕೊಂಡಿ, ಬಳೆಗಳು ಪ್ಲಾಸ್ಟಿಕ್ಕಿನವಾಗಿರಬೇಕು. ಗುದ್ದಲಿಯನ್ನು ಯಂತ್ರ ಹಿಡಿದ ಕೈಯ ಎದುರು ಬದಿಗೆ, ಸಾಧ್ಯವಾದಷ್ಟು ಎತ್ತರಕ್ಕೆ ಸಿಕ್ಕಿಸುತ್ತಾರೆ. ಬೆನ್ನಿನ ಬ್ಯಾಟರಿಯಿಂದ ದಂಡಕ್ಕೆ ಬರುವ ತಂತಿ ಸುರುಳಿಯಾಕಾರದ್ದಾಗಿದ್ದು, ಬೀಸಿಗೆ ತಕ್ಕಂತೆ ಸಡಿಲವಿರಬೇಕು. ಬಿಗಿಯಾದರೆ ಪ್ರತಿ ಬೀಸಿಗೂ ಪ್ಲಗ್ಗನ್ನು ಜಗ್ಗಿ ಸುಳ್ಳು ಸದ್ದು ಹುಟ್ಟಿಸುತ್ತದೆ. ಕಾಯಿಲಿನ ತಂತಿಯನ್ನಂತೂ ದಂಡಕ್ಕೆ ಅಲುಗದಂತೆ ಸುತ್ತಿಡಬೇಕು. ಸ್ಪೀಕರನ್ನು ಹೆಗಲಪಟ್ಟಿಯ ಮೇಲೆ ಕಿವಿಯ ಬಳಿ ಕೂರಿಸಿದರೆ ಬಿಸಿಲಲ್ಲಿ ಕಿವಿಗೆ ಹೆಡ್‌ಫೋನಿನ ಸೆಕೆ ತಪ್ಪುತ್ತದೆ.

ಸದ್ದು ಬಂದಾಗ ಅಗೆಯಬೇಕು. ದಿನಕ್ಕೆ ಹತ್ತಾರು ಬಾರಿ ಬಗ್ಗಿ ಏಳುವ ಕೆಲಸವಿದು, ಪ್ರತಿಸಲವೂ ಹಾರ್ನೆಸ್ ಬಿಚ್ಚಲಾಗದು. ಬಂಜಿಯ ತುದಿಗೆ ಒಂದೇ ಕೈಯಲ್ಲಿ ಕಳಚುವ ಕೊಂಡಿ ಇದ್ದು, ಯಂತ್ರವನ್ನು ಮೆಲ್ಲಗೆ ನೆಲಕ್ಕಿಟ್ಟು ಹಗ್ಗವನ್ನು ಹೆಗಲಪಟ್ಟಿಗೆ ಸಿಕ್ಕಿಸಿಕೊಳ್ಳುವುದು ರೂಢಿ. ಹಿಗ್ಗಿದ ಹಗ್ಗವನ್ನು ಕೈಬಿಟ್ಟರೆ ಕೊಂಡಿ ಚಿಮ್ಮಿ ಮುಖಕ್ಕೆ ಬಡಿಯುತ್ತದೆ. ಕಣ್ಣಿಗೆ ತಾಗುವ ಅಪಾಯ ನಿಜವಾದದ್ದು, ಅದಕ್ಕಾಗಿಯೇ ಮೊದಲು ಯಂತ್ರವನ್ನು ಎತ್ತಿ ಹಗ್ಗವನ್ನು ಸಡಿಲಿಸಿ ಆಮೇಲೆ ಕಳಚಬೇಕು. ಬೆನ್ನಿಗೆ ಎರಡು ಲೀಟರ್ ನೀರಿನ ಚೀಲ ಹಾಕಿಕೊಳ್ಳುವವರಿಗೆ ಮತ್ತೊಂದು ಅನುಕೂಲ: ಮುಂದೆ ಜಗ್ಗುವ ಯಂತ್ರಕ್ಕೆ ಅದು ಬೆನ್ನ ಕಡೆಯ ತೂಕವಾಗಿ ನಿಲ್ಲುತ್ತದೆ. ಇಲ್ಲಿ ಹಿಂಬದಿಯ ತೂಕ ಉಪಕಾರಿ, ಏಕೆಂದರೆ ಅದನ್ನು ಹೊರುವುದು ಸೊಂಟ. ನೀರು ಕುಡಿದಂತೆ ತೂಕ ಇಳಿಯುವುದರಿಂದ ಮಧ್ಯಾಹ್ನದ ಹೊತ್ತಿಗೆ ಹೆಗಲಪಟ್ಟಿಯನ್ನು ಮತ್ತೊಮ್ಮೆ ಎಳೆದುಕೊಳ್ಳಬೇಕಾಗುತ್ತದೆ.

ಕೈಯಾರೆ ಕಟ್ಟಿಕೊಂಡ ಹಾರ್ನೆಸ್ಸುಗಳು ಕಂಪನಿಯವಕ್ಕಿಂತ ಎಷ್ಟೋ ಸಲ ಚೆನ್ನಾಗಿ ಒದಗುತ್ತವೆ, ಏಕೆಂದರೆ ಅವು ಒಬ್ಬರದೇ ಮೈಯಳತೆಗೆ ಕಟ್ಟಿದವು. ಒಳ್ಳೆಯ ಸೊಂಟಪಟ್ಟಿಯಿರುವ ಹಳೆಯ ಟ್ರೆಕ್ಕಿಂಗ್ ಚೀಲದ ಚೌಕಟ್ಟೇ ಅಡಿಪಾಯ. ಬಾಗುಕೋಲಿಗೆ ಡೇರೆಯ ಫೈಬರ್‌ಗ್ಲಾಸ್ ಕೋಲು ಅಥವಾ ಬಿಸಿಮಾಡಿ ಬಾಗಿಸಿದ ಪಿವಿಸಿ ಪೈಪು ಸಾಕು. ಫೈಬರ್‌ಗ್ಲಾಸ್ ಕೋಲು ತಾನೇ ಬಳುಕಿ ಬಂಜಿಯ ಕೆಲಸದಲ್ಲಿ ಪಾಲು ಹೊರುತ್ತದೆ. ಪೈಪು ಬಿಸಿಲಿಗೆ ಮೆತ್ತಗಾಗಿ ವಾಲುವುದರಿಂದ ದಪ್ಪನೆಯದು ಬೇಕು. ಹಗ್ಗಕ್ಕೆ ಬಟ್ಟೆಯ ಹೊದಿಕೆಯುಳ್ಳ ಬಂಜಿಯೇ ಸರಿ. ಸೀಳಿದ ಸೈಕಲ್ ಟ್ಯೂಬು ಹೊರೆ ಕಟ್ಟಲು ಹೇಳಿಮಾಡಿಸಿದ್ದಾದರೂ ಇಲ್ಲಿ ಕ್ರಮೇಣ ಹಿಗ್ಗಿ ಹಾಗೆಯೇ ಉಳಿದುಬಿಡುತ್ತದೆ. ಹಗ್ಗದ ತುದಿಗೆ ಗಂಟಿನ ಬದಲು ಜಾರುವ ಪ್ಲಾಸ್ಟಿಕ್ ಹಿಡಿಕೆ ಹಾಕಿದರೆ ನಡೆಯುತ್ತಲೇ ಉದ್ದ ಬದಲಿಸಬಹುದು. ಏರು ಹತ್ತುವಾಗ ನೆಲ ಕಾಯಿಲಿಗೆ ಹತ್ತಿರವಾಗುವುದರಿಂದ ಹಗ್ಗ ಗಿಡ್ಡ, ಇಳಿಜಾರಿನಲ್ಲಿ ಉದ್ದ.

ಎಲ್ಲ ಶೋಧಕಕ್ಕೂ ಹಾರ್ನೆಸ್ ಬೇಕಿಲ್ಲ. 2018ರಲ್ಲಿ ಬಂದ ಈಕ್ವಿನಾಕ್ಸ್ 800ರಂಥ ಯಂತ್ರ 1.34 ಕಿಲೋ ಮಾತ್ರ ತೂಗುತ್ತದೆ. ಅದಕ್ಕೆ ಪಟ್ಟಿಗಳ ಗೊಂದಲಕ್ಕಿಂತ ಬರಿಗೈಯೇ ಲೇಸು. ಕಡಲ ದಡದಲ್ಲಿ, ನೀರಿನಲ್ಲಿ ಬಳಸುವ ಎಕ್ಸ್‌ಕ್ಯಾಲಿಬರ್ ಬಗೆಯ ಯಂತ್ರಗಳಲ್ಲಿ ನಿಯಂತ್ರಣ ಪೆಟ್ಟಿಗೆಯನ್ನು ದಂಡದಿಂದ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಲು ಬರುತ್ತದೆ, ಅಷ್ಟಕ್ಕೇ ಕೈ ಹಗುರ. 2021ರ ಜಿಪಿಎಕ್ಸ್ 6000 ಯಂತ್ರದಲ್ಲಿ ಬ್ಯಾಟರಿ ಸೇರಿಯೂ ತೂಕ 2.1 ಕಿಲೋಗೆ ಇಳಿದಿದ್ದು, ಸಣ್ಣ ಕಾಯಿಲಿನೊಂದಿಗೆ ಅನೇಕರು ಅದನ್ನು ಹಾರ್ನೆಸ್ ಇಲ್ಲದೆಯೇ ಬೀಸುತ್ತಾರೆ. ಆದರೆ ಆಳದ ಚಿನ್ನ ಅರಸಿ 17–18 ಅಂಗುಲದ ಕಾಯಿಲ್ ಹಾಕುವವರು ಮತ್ತೆ ಬಂಜಿಗೇ ಮರಳುತ್ತಾರೆ. ಕಾಯಿಲ್ ದಂಡದ ತುದಿಯಲ್ಲೇ ಇರಬೇಕಾದ್ದರಿಂದ ಅದರ ತೂಕವನ್ನು ಬೇರೆಡೆಗೆ ಸರಿಸುವ ದಾರಿಯಿಲ್ಲ.

ಬಿಸಿಲು ಮತ್ತು ಬೆವರು ಹಾರ್ನೆಸ್ಸಿನ ಶತ್ರುಗಳು. ಬೆವರಿನ ಉಪ್ಪು ಒಣಗಿ ಪಟ್ಟಿ ಮರಳುಕಾಗದದಂತೆ ಒರಟಾಗುತ್ತದೆ, ವಾರಕ್ಕೊಮ್ಮೆ ಬರೀ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಬಂಜಿಯೊಳಗಿನ ರಬ್ಬರು ಎಳೆಗಳು ಹೊದಿಕೆಯ ಒಳಗೇ ಕಡಿಯುತ್ತ ಬರುವುದರಿಂದ ಹೊರಗಿನ ನೋಟಕ್ಕೆ ತಿಳಿಯುವುದಿಲ್ಲ. ಹೊಸ ಹಗ್ಗಕ್ಕೆ ಒಂದು ಲೀಟರ್ ನೀರಿನ ಬಾಟಲಿ ತೂಗುಬಿಟ್ಟು ಎಷ್ಟು ಹಿಗ್ಗಿತೆಂದು ಬರೆದಿಟ್ಟುಕೊಂಡು, ಆಗಾಗ ಅದೇ ಬಾಟಲಿಯಿಂದ ಅಳೆದರೆ ಗೊತ್ತಾಗುತ್ತದೆ. ಹಿಗ್ಗುವಿಕೆ ಕಾಲುಭಾಗದಷ್ಟು ಹೆಚ್ಚಾದಾಗ ಹಗ್ಗ ಬದಲಿಸುವುದು ಒಳ್ಳೆಯದು.